ಕ್ಯೋಟೋ ದೇವಸ್ಥಾನಗಳೆಲ್ಲ ಬೆಟ್ಟದ ಬುಡದಲ್ಲೇ ಯಾಕಿವೆ?

ಕ್ಯೋಟೋದ ನಕಾಶೆ ತೆರೆದು, ಹೆಸರಾದ ದೇವಸ್ಥಾನಗಳಿಗೆಲ್ಲ ಒಂದೊಂದು ಚುಕ್ಕೆ ಇಟ್ಟು ನೋಡಿ. ಊರಿನ ನಡುವೆ ಚುಕ್ಕೆಗಳು ಕಡಿಮೆ. ಅಂಚಿನಲ್ಲಿ ಮಾತ್ರ ಸಾಲುಗಟ್ಟಿ ನಿಂತಿವೆ. ಕಿಯೊಮಿಜು-ದೇರಾ, ನಾನ್‌ಜೆನ್-ಜಿ, ಗಿಂಕಾಕು-ಜಿ ಪೂರ್ವದಲ್ಲಿ. ಕಿಂಕಾಕು-ಜಿ, ರ್ಯೋಆನ್-ಜಿ ವಾಯವ್ಯದಲ್ಲಿ. ತೆನ್‌ರ್ಯೂ-ಜಿ, ಸೈಹೋ-ಜಿ ಪಶ್ಚಿಮದಲ್ಲಿ. ಮೊದಲ ಸಲ ಹೋಗುವವರು ಸುಸ್ತಾಗುವುದು ಇದರಿಂದಲೇ. ಬೆಳಿಗ್ಗೆ ಒಂದು ತುದಿ, ಮಧ್ಯಾಹ್ನ ಇನ್ನೊಂದು ತುದಿ ಅಂತ ಪಟ್ಟಿ ಹಾಕಿಕೊಂಡು ಹೊರಟವರ ಅರ್ಧ ದಿನ ಬಸ್ಸಿನಲ್ಲೇ ಹೋಗುತ್ತದೆ.

ಈ ಹಂಚಿಕೆ ಸುಮ್ನೆ ಆಗಿದ್ದಲ್ಲ. ಅದರ ಹಿಂದೆ ಒಂದು ರಾಜಕೀಯ ತೀರ್ಮಾನ ಇದೆ. ಅದು ಗೊತ್ತಾದರೆ ಇಲ್ಲಿನ ತೋಟಗಳು ಯಾಕೆ ಹೀಗಿವೆ, ಅಂಗಳದ ಬಿಳಿ ಜಲ್ಲಿ ಎಲ್ಲಿಂದ ಬಂತು, ಯಾವ ಜಾಗವನ್ನು ಯಾವುದರ ಜೊತೆ ಸೇರಿಸಿ ನೋಡಬೇಕು ಎನ್ನುವುದೂ ಗೊತ್ತಾಗುತ್ತದೆ.

710ರಿಂದ 784ರವರೆಗೆ ಜಪಾನಿನ ರಾಜಧಾನಿ ಹೆಚ್ಚುಕಡಿಮೆ ನಾರಾದಲ್ಲೇ ಇತ್ತು. ಅಲ್ಲಿನ ಬೌದ್ಧ ದೇವಸ್ಥಾನಗಳು ಅರಮನೆಯ ಕಾರುಬಾರಿಗೂ ಕೈ ಹಾಕುವಷ್ಟು ಬಲಿತಿದ್ದವು. ದೋಕ್ಯೋ ಎಂಬ ಸನ್ಯಾಸಿಯಂತೂ ಸಿಂಹಾಸನವನ್ನೇ ಮುಟ್ಟುವ ಹಂತಕ್ಕೆ ಬಂದುಬಿಟ್ಟಿದ್ದ. ಆಮೇಲೆ ಪಟ್ಟಕ್ಕೆ ಬಂದ ಕನ್ಮು ಚಕ್ರವರ್ತಿ ರಾಜಧಾನಿಯನ್ನು ಮೊದಲು ನಾಗಾವೊಕಾಕ್ಕೆ, ನಂತರ 794ರಲ್ಲಿ ಹೇಯಾನ್-ಕ್ಯೋಗೆ ಸಾಗಿಸಿದ. ಇಂದಿನ ಕ್ಯೋಟೋ ಅದೇ. ಊರು ಬಿಡಲು ಬೇರೆ ಕಾರಣಗಳೂ ಇದ್ದವು. ಆದರೆ ನಾರಾದ ದೇವಸ್ಥಾನಗಳು ಹೊಸ ಊರಿಗೆ ಬೆನ್ನತ್ತಿ ಬರಬಾರದು ಎಂಬುದು ಅದರಲ್ಲಿ ದೊಡ್ಡದು.

ಚೀನಾದ ಚಾಂಗ್‌ಆನ್ ನಗರದ ಮಾದರಿಯಲ್ಲಿ ಚೌಕಚೌಕವಾಗಿ ಬೀದಿ ಎಳೆದು ಕಟ್ಟಿದ ಈ ಊರಿನೊಳಗೆ ಎರಡೇ ಬೌದ್ಧ ದೇವಸ್ಥಾನಗಳಿಗೆ ಜಾಗ ಕೊಟ್ಟರು. ದಕ್ಷಿಣದ ಹೆಬ್ಬಾಗಿಲಿನ ಆಚೀಚೆ ತೋ-ಜಿ ಮತ್ತು ಸೈ-ಜಿ. ಉಳಿದವರೆಲ್ಲ ಊರ ಹೊರಗೆ ಬೆಟ್ಟದ ಕಡೆ ಹೋಗಬೇಕಾಯಿತು. ಆಗಲೇ ಪೂರ್ವದ ಗುಡ್ಡದಲ್ಲಿ ಕಿಯೊಮಿಜು-ದೇರಾ ಇತ್ತು, 778ರದ್ದು. ಈಶಾನ್ಯದ ಹಿಯೇ ಬೆಟ್ಟದ ಮೇಲೆ ಸೈಚೋ ಎಂಬ ಸನ್ಯಾಸಿ 788ರಲ್ಲಿ ಗುಡಿ ಕಟ್ಟಿದ್ದ. ಅದು ಮುಂದೆ ಎನ್‌ರ್ಯಾಕು-ಜಿ ಎಂಬ ಭಾರಿ ಮಠವಾಯಿತು. ಕೊನೆಗೆ ಅಲ್ಲಿನ ಸನ್ಯಾಸಿಗಳು ಆಯುಧ ಹಿಡಿದು ಬೆಟ್ಟ ಇಳಿದು ಅರಮನೆಯನ್ನೇ ಹೆದರಿಸುತ್ತಿದ್ದರು. ಯಾವುದನ್ನು ತಪ್ಪಿಸಲು ಊರು ಬಿಟ್ಟರೋ ಅದೇ ಬೆಟ್ಟದ ಮೇಲೆ ಬಂದು ಕೂತಿತ್ತು! ಊರ ನಡುವಿನ ತೆರಾಮಾಚಿ ಬೀದಿಯಲ್ಲಿ ಇವತ್ತು ಕಾಣುವ ಗುಡಿಸಾಲು ತುಂಬ ಆಮೇಲಿನದು. 16ನೇ ಶತಮಾನದ ಕೊನೆಯಲ್ಲಿ, ಆಗ ದೇಶ ಆಳುತ್ತಿದ್ದ ತೊಯೊತೊಮಿ ಹಿದೆಯೋಶಿ ಅಲ್ಲಲ್ಲಿದ್ದ ದೇವಸ್ಥಾನಗಳನ್ನು ತಂದು ಅಲ್ಲಿ ಸಾಲಾಗಿ ಕೂರಿಸಿದ.

ಊರೊಳಗೆ ಜಾಗ ಸಿಕ್ಕ ತೋ-ಜಿ, ಸೈ-ಜಿ ಎರಡರಲ್ಲಿ ಸೈ-ಜಿ ಉಳಿದಿಲ್ಲ. 13ನೇ ಶತಮಾನದಲ್ಲಿ ಸುಟ್ಟ ಮೇಲೆ ಅದು ಮತ್ತೆ ಏಳಲೇ ಇಲ್ಲ. ತೋ-ಜಿ ಇದೆ, ರೈಲ್ವೆ ಸ್ಟೇಷನ್ನಿಂದ ನಡೆದೇ ಹೋಗಬಹುದು. ಅದರ ಐದಂತಸ್ತಿನ ಗೋಪುರ ಸುಮಾರು 55 ಮೀಟರ್ ಎತ್ತರ. ಜಪಾನಿನ ಮರದ ಗೋಪುರಗಳಲ್ಲೇ ಅತಿ ಎತ್ತರದ್ದು. ಈಗಿನದು 1644ರಲ್ಲಿ ಕಟ್ಟಿದ್ದು. ಜನ ಗೋಪುರದ ಫೋಟೋ ತೆಗೆದು ಹೊರಟುಬಿಡುತ್ತಾರೆ. ನನ್ನ ಪ್ರಕಾರ ಅಲ್ಲಿ ನೋಡಬೇಕಾದ್ದು ಉಪನ್ಯಾಸ ಮಂದಿರ. 9ನೇ ಶತಮಾನದಲ್ಲಿ ಕೂಕಾಯ್ ಎಂಬ ಸನ್ಯಾಸಿ ಯೋಜಿಸಿದ 21 ವಿಗ್ರಹಗಳ ಮಂಡಲ ಅಲ್ಲಿದೆ. ಅದರಲ್ಲಿ ಆನೆ ಮೇಲೆ ಕೂತ ಒಬ್ಬರು, ಹಂಸಗಳ ಮೇಲೆ ಕೂತ ನಾಲ್ಕು ಮುಖದ ಇನ್ನೊಬ್ಬರು ಇದ್ದಾರೆ. ಹೌದು, ಇಂದ್ರ ಮತ್ತು ಬ್ರಹ್ಮ. ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಬಂದವರು. ಸಾಂಜೂಸಾಂಗೆನ್-ದೋ ಎಂಬ ಸುಮಾರು 120 ಮೀಟರ್ ಉದ್ದದ ಮಂದಿರದಲ್ಲಿ 1001 ಕನ್ನೋನ್ ವಿಗ್ರಹಗಳಿವೆ. ಅವುಗಳ ಮುಂದೆ ಕಾವಲಿಗೆ ನಿಂತ 28 ಜನರಲ್ಲಿ ಗರುಡನೂ ಇದ್ದಾನೆ, ಕೊಳಲು ಊದುತ್ತಾ. ಕನ್ನೋನ್ ಅಂದರೆ ನಮ್ಮ ಅವಲೋಕಿತೇಶ್ವರ. ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿರುವ 10ನೇ ಶತಮಾನದ ಲೋಕೇಶ್ವರನ ಕಂಚಿನ ವಿಗ್ರಹ ನೋಡಿದವರಿಗೆ ಈ ನೆಂಟಸ್ತನ ತಟ್ಟನೆ ಹೊಳೆಯುತ್ತದೆ.

ಈಗ ಬೆಟ್ಟಕ್ಕೆ ಬರೋಣ. ಕ್ಯೋಟೋ ಇರುವುದು ಮೊರದ ಆಕಾರದ ಜಾಗದಲ್ಲಿ. ಪೂರ್ವ, ಉತ್ತರ, ಪಶ್ಚಿಮ ಮೂರೂ ಕಡೆ ಬೆಟ್ಟ ಎದ್ದಿದೆ, ದಕ್ಷಿಣ ತೆರೆದಿದೆ. ಹೀಗಾಗಿ ಬೇಸಿಗೆಯಲ್ಲಿ ಬೆವರಿಳಿಸುವ ಸೆಕೆ, ಚಳಿಗಾಲದಲ್ಲಿ ಮೂಳೆ ಕೊರೆಯುವ ಚಳಿ. ವಾಸಕ್ಕೆ ಕಷ್ಟ, ಆದರೆ ಪಾಚಿಗೆ ಹೇಳಿ ಮಾಡಿಸಿದ ಹವೆ. ಬೆಟ್ಟದ ಬುಡದಲ್ಲಿ ಊಟೆ ನೀರು, ಇಳಿಜಾರು, ಕಲ್ಲು, ಮರ ಎಲ್ಲ ಸಿಗುತ್ತವೆ. ತೋಟ ಮಾಡಲು ಇದಕ್ಕಿಂತ ಒಳ್ಳೆ ಜಾಗ ಬೇಕೇ?

ಪೂರ್ವದಲ್ಲಿ ಹಿಯೇ ಮತ್ತು ದೈಮೊಂಜಿ ಬೆಟ್ಟಗಳ ನಡುವೆ ಗ್ರಾನೈಟ್ ಬಂಡೆ ಇದೆ. ಅದು ಮಳೆಗಾಳಿಗೆ ಪುಡಿಯಾಗಿ ಶಿರಕಾವಾ ಎಂಬ ಹೊಳೆಯಲ್ಲಿ ಇಳಿದು ಬರುತ್ತಿತ್ತು. ದೇವಸ್ಥಾನಗಳ ಅಂಗಳದಲ್ಲಿ ಗೆರೆ ಎಳೆದಿರುವ ಬಿಳಿ ಜಲ್ಲಿ ಮೂಲತಃ ಇದೇ. ಬಿಳಿ ಕಣಗಳ ನಡುವೆ ಕಪ್ಪು ಅಭ್ರಕದ ಚುಕ್ಕೆಗಳಿರುವುದರಿಂದ ಬಿಸಿಲಲ್ಲೂ ಕಣ್ಣಿಗೆ ಹೊಡೆಯುವುದಿಲ್ಲ. ಕಣ ಒರಟಾಗಿರುವುದರಿಂದ ಕುಂಟೆ ಎಳೆದ ಗೆರೆ ಕುಸಿಯುವುದಿಲ್ಲ. ಈಗ ಅಲ್ಲಿ ಜಲ್ಲಿ ತೆಗೆಯಲು ಬಿಡುವುದಿಲ್ಲ, ಹಾಗಾಗಿ ಇದ್ದದ್ದನ್ನೇ ತೊಳೆದು ಮತ್ತೆ ಬಳಸುವ ದೇವಸ್ಥಾನಗಳಿವೆ.

ತೋಟಗಳನ್ನು ನೋಡುವಾಗ ಒಂದು ಪ್ರಶ್ನೆ ಮೊದಲು ಕೇಳಿಕೊಳ್ಳಿ. ಇದು ಕೂತು ನೋಡುವ ತೋಟವೋ, ನಡೆದು ನೋಡುವ ತೋಟವೋ?

ಕೂತು ನೋಡುವ ತೋಟ ಅಂದ ತಕ್ಷಣ ಎಲ್ಲರ ಬಾಯಲ್ಲಿ ಬರುವುದು ರ್ಯೋಆನ್-ಜಿ. ಸುಮಾರು 25 ಮೀಟರ್ ಉದ್ದ, 10 ಮೀಟರ್ ಅಗಲದ ಅಂಗಳ. ಬಿಳಿ ಜಲ್ಲಿ, ಐದು ಗುಂಪಿನಲ್ಲಿ 15 ಕಲ್ಲು, ಕಲ್ಲಿನ ಸುತ್ತ ಒಂದಿಷ್ಟು ಪಾಚಿ. ಅಷ್ಟೇ. ಜಗಲಿಯಲ್ಲಿ ಎಲ್ಲಿ ಕೂತರೂ ಒಂದಾದರೂ ಕಲ್ಲು ಮರೆಯಾಗುತ್ತದೆ. ಪ್ರವಾಸಿಗರು ಬೆರಳು ಮಡಚಿ ಎಣಿಸುತ್ತಾ ಕೂರುವುದು ಅಲ್ಲಿನ ಮಾಮೂಲಿ ದೃಶ್ಯ. ಎಣಿಸಿ, ತಪ್ಪಿಲ್ಲ. ಆದರೆ ಎಣಿಕೆಗಿಂತ ಮುಖ್ಯವಾದ್ದು ಕೂರುವ ಎತ್ತರ. ಈ ತೋಟಗಳನ್ನು ಮಠದ ಹಿರಿಯ ಸನ್ಯಾಸಿಯ ಮನೆಯ ಜಗಲಿಯಲ್ಲಿ ನೆಲದ ಮೇಲೆ ಕೂತವರ ಕಣ್ಣಿಗೆ ಅಳತೆ ಮಾಡಿ ಕಟ್ಟಿದ್ದಾರೆ. ನಿಂತು ನೋಡಿದರೆ ಕಲ್ಲುಗಳು ಚಿಕ್ಕವಾಗಿ, ಚಪ್ಪಟೆಯಾಗಿ ಕಾಣುತ್ತವೆ. ಕೂತರೆ ಅವೇ ಕಲ್ಲು ದ್ವೀಪಗಳಂತೆ ಏಳುತ್ತವೆ. ಹಿಂದಿನ ಗೋಡೆಯನ್ನೂ ಗಮನಿಸಿ. ಎಣ್ಣೆ ಬೆರೆಸಿದ ಮಣ್ಣಿನದು. ವರ್ಷ ಕಳೆದಂತೆ ಎಣ್ಣೆ ಒಸರಿ ಅದರ ಮೇಲೆ ತಾನಾಗಿ ಕಲೆಗಳು ಮೂಡಿವೆ.

ನೀರಿಲ್ಲದೆ ಯಾಕೆ ತೋಟ ಮಾಡಿದರು? ಎಲ್ಲದಕ್ಕೂ ಝೆನ್, ಅಂದರೆ ಧ್ಯಾನಕ್ಕೆ ಒತ್ತು ಕೊಡುವ ಬೌದ್ಧ ಪಂಥ, ಅನ್ನುವ ಉತ್ತರ ಸುಲಭ. ಆದರೆ ಆ ಕಾಲವನ್ನೂ ನೋಡಬೇಕು. 1467ರಿಂದ 1477ರವರೆಗೆ ಓನಿನ್ ಯುದ್ಧ ನಡೆಯಿತು. ಅದು ನಡೆದದ್ದು ಗಡಿಯಲ್ಲಲ್ಲ, ಕ್ಯೋಟೋದ ಬೀದಿಗಳಲ್ಲೇ. ಊರಿನ ಬಹುಭಾಗ ಬೂದಿಯಾಯಿತು. ಯುದ್ಧದ ಒಂದು ಬಣದ ನಾಯಕ ಹೊಸೊಕಾವಾ ಕತ್ಸುಮೊತೊ. ರ್ಯೋಆನ್-ಜಿ ಸ್ಥಾಪಿಸಿದವನೂ ಅವನೇ. ಅವನ ದೇವಸ್ಥಾನವೂ ಸುಟ್ಟಿತು, ಆಮೇಲೆ ಮತ್ತೆ ಕಟ್ಟಿದರು. ದೊಡ್ಡ ಕೆರೆ ತೋಡಿ ದೋಣಿ ಬಿಡುವ ಹಳೆ ಶ್ರೀಮಂತಿಕೆ ಆಗ ಯಾರ ಹತ್ತಿರವೂ ಇರಲಿಲ್ಲ. ಸಣ್ಣ ಅಂಗಳ, ಬೆಟ್ಟದ ಕಲ್ಲು, ಹೊಳೆಯ ಜಲ್ಲಿ ಇದ್ದವು. ಚೀನಾದಿಂದ ಬಂದ ಮಸಿಚಿತ್ರಗಳ ರುಚಿಯೂ ಹತ್ತಿತ್ತು. ಅದರಲ್ಲಿ ಖಾಲಿ ಬಿಟ್ಟ ಕಾಗದವೇ ನೀರು, ಮಂಜು. ಇವೆಲ್ಲ ಕೂಡಿ ಒಣ ತೋಟ ಹುಟ್ಟಿತು. ಈ ಚಿತ್ರದ ಲೆಕ್ಕ ಸಲೀಸಾಗಿ ಅರ್ಥವಾಗಬೇಕಾದರೆ ದೈತೋಕು-ಜಿ ಆವರಣದ ದೈಸೆನ್-ಇನ್‌ಗೆ ಹೋಗಬೇಕು. 16ನೇ ಶತಮಾನದ ಆರಂಭದ್ದು. ಒಂದು ಮೂಲೆಯಲ್ಲಿ ನೆಟ್ಟಗೆ ನಿಂತ ಕಲ್ಲುಗಳೇ ಜಲಪಾತ. ಅಲ್ಲಿಂದ ಜಲ್ಲಿಯ ಹೊಳೆ ಇಳಿದು, ಸೇತುವೆ ದಾಟಿ, ಮನೆ ಸುತ್ತಿ, ಕೊನೆಗೆ ಬರೀ ಜಲ್ಲಿಯ ಸಮುದ್ರ ಸೇರುತ್ತದೆ. ರ್ಯೋಆನ್-ಜಿಗೆ ಮೊದಲು ಇದನ್ನು ನೋಡಿದರೆ ಒಳ್ಳೆಯದು.

ಇದನ್ನೆಲ್ಲ ಕೈಯಾರೆ ಕಟ್ಟಿದವರು ಯಾರು? ಈ ವಿಷಯ ಪ್ರವಾಸಿ ಫಲಕಗಳಲ್ಲಿ ಕಡಿಮೆ ಕಾಣುತ್ತದೆ. ನದಿದಂಡೆಯಲ್ಲಿ ಬದುಕುತ್ತಿದ್ದ, ಚರ್ಮ ಹದ ಮಾಡುವಂಥ ಕೆಲಸಗಳಿಂದಾಗಿ ಸಮಾಜ ಮುಟ್ಟಿಸಿಕೊಳ್ಳದೆ ದೂರ ಇಟ್ಟಿದ್ದ ಜನ ಕವಾರಮೊನೊ. ಮಣ್ಣು ಹೊರುವ, ಕಲ್ಲು ಸಾಗಿಸುವ, ಮರ ನೆಡುವ ಕೆಲಸ ಅವರ ಪಾಲಿಗೆ ಬಂತು. ಮಾಡುತ್ತಾ ಮಾಡುತ್ತಾ ಅವರೇ ಆ ಕಲೆಯ ಒಡೆಯರಾದರು. ಅವರಲ್ಲಿ ಜೆನ್‌ಅಮಿ ಎಂಬಾತ ಶೋಗನ್ (ಆಡಳಿತ ನಡೆಸುವ ಸೇನಾಧಿಪತಿ) ಅಶಿಕಾಗಾ ಯೋಶಿಮಾಸನ ಮೆಚ್ಚಿನ ತೋಟಗಾರನಾಗಿದ್ದ. ರ್ಯೋಆನ್-ಜಿಯ ಒಂದು ಕಲ್ಲಿನ ಹಿಂಬದಿಯಲ್ಲಿ ಇಬ್ಬರ ಹೆಸರು ಕೆತ್ತಿದೆ. ಒಂದು ಕೊತಾರೋ ಅಂತ. ಆ ತೋಟ ಕಟ್ಟಿದ್ದು ಇವರೇ ಎನ್ನಲು ಪುರಾವೆ ಇಲ್ಲ. ಆದರೆ ಆ ಹೆಸರುಗಳು ಕವಾರಮೊನೊಗಳದ್ದು ಎಂದು ಬಹಳ ಜನ ನಂಬುತ್ತಾರೆ. ಯಾವ ಮಹಾಗುರುವಿನ ಕಲ್ಪನೆ ಇದು ಎಂಬ ಚರ್ಚೆ ಶತಮಾನಗಳಿಂದ ನಡೆದಿದೆ. ಹೆಸರು ಸಿಕ್ಕಿದ್ದು ಮಾತ್ರ ಇಬ್ಬರು ಕೆಲಸಗಾರರದ್ದು.

ಕೂತು ನೋಡುವ ತೋಟಗಳಲ್ಲೇ ಇನ್ನೊಂದು ಜಾಣ್ಮೆ ಇದೆ. ಜಪಾನೀಯರು ಅದಕ್ಕೆ ಶಕ್ಕೇಯಿ ಅನ್ನುತ್ತಾರೆ. ದೂರದ ಬೆಟ್ಟವನ್ನು ತೋಟದೊಳಕ್ಕೆ ಸಾಲ ತರುವುದು. ಬೆಟ್ಟ ಕಾಣುವ ಕಡೆ ಗೋಡೆ ತೆಗೆದುಬಿಟ್ಟರೆ ಸಾಕು ಅಂದುಕೊಂಡರೆ ತಪ್ಪು. ಕಸರತ್ತು ಇರುವುದು ನಡುವಿನ ಬೇಲಿಯಲ್ಲಿ. ಊರಿನ ಉತ್ತರದಲ್ಲಿರುವ ಎಂತ್ಸೂ-ಜಿ ಇದಕ್ಕೆ ಅತ್ಯುತ್ತಮ ಉದಾಹರಣೆ. ಹತ್ತಿರದಲ್ಲಿ ಪಾಚಿ ಮತ್ತು ತಗ್ಗಾದ ಕಲ್ಲು. ಅದರಾಚೆ ಸಮನಾಗಿ ಕತ್ತರಿಸಿದ ಗಿಡದ ಬೇಲಿ. ಬೇಲಿಯಾಚೆ ನೆಟ್ಟಗೆ ನಿಂತ ಮರದ ಕಾಂಡಗಳು. ಅವುಗಳ ನಡುವೆ 848 ಮೀಟರ್ ಎತ್ತರದ ಹಿಯೇ ಬೆಟ್ಟ. ಬೇಲಿ ನಡುವಿನ ಮನೆ, ಗದ್ದೆ, ರಸ್ತೆ ಎಲ್ಲವನ್ನೂ ಮುಚ್ಚಿಬಿಡುತ್ತದೆ. ನಡುವಿನದ್ದು ಕಾಣದಿದ್ದಾಗ ಕಣ್ಣಿಗೆ ದೂರ ಅಳೆಯಲು ಬರುವುದಿಲ್ಲ. ಬೆಟ್ಟ ಬೇಲಿಯ ಹಿಂದೆಯೇ ಇದೆ ಅನ್ನಿಸುತ್ತದೆ. ನೇರ ನಿಂತ ಕಾಂಡಗಳು ಚೌಕಟ್ಟಿನ ಕೆಲಸ ಮಾಡುತ್ತವೆ. ಕಾಸು ಕೊಟ್ಟು ಕೊಳ್ಳದ ಬೆಟ್ಟವೊಂದು ತೋಟದ ಆಸ್ತಿಯಾಗುತ್ತದೆ.

ಪಶ್ಚಿಮದ ತೆನ್‌ರ್ಯೂ-ಜಿಯಲ್ಲೂ ಇದೇ ಆಟ ಇದೆ, ನೀರಿನ ಜೊತೆ. 1339ರಲ್ಲಿ ಶೋಗನ್ ಅಶಿಕಾಗಾ ತಕಾವುಜಿ ಇದನ್ನು ಕಟ್ಟಿಸಿದ್ದು ಗೋ-ದೈಗೋ ಚಕ್ರವರ್ತಿಯ ಆತ್ಮಶಾಂತಿಗೆ. ಆ ಚಕ್ರವರ್ತಿಯನ್ನು ಓಡಿಸಿದವನೂ ತಕಾವುಜಿಯೇ! ತೋಟ ಮಾಡಿದ್ದು ಮುಸೋ ಸೊಸೇಕಿ ಎಂಬ ಝೆನ್ ಗುರು. ಕೆರೆಯ ಹಿಂದೆ ಅರಾಶಿಯಾಮಾ ಬೆಟ್ಟ ಎದ್ದು ನಿಲ್ಲುತ್ತದೆ. ಹತ್ತಿರದ ಸೈಹೋ-ಜಿಯೂ ಅವನ ಕೈ ಸೋಕಿದ್ದೇ. ಅಲ್ಲಿ 120ಕ್ಕೂ ಹೆಚ್ಚು ಬಗೆಯ ಪಾಚಿ ಇದೆ. ಆದರೆ ಪಾಚಿ ಮುಸೋನ ಯೋಜನೆಯಲ್ಲಿ ಇರಲೇ ಇಲ್ಲ. ದೇವಸ್ಥಾನ ಬಡವಾಗಿ, ನೋಡಿಕೊಳ್ಳುವವರಿಲ್ಲದೆ ಹೋದಾಗ ತೇವದ ನೆಲದಲ್ಲಿ ಅದು ತಾನಾಗಿ ಹಬ್ಬಿತು. ಅದೇ ಚೆನ್ನಾಗಿದೆ ಅಂತ ಆಮೇಲೆ ಉಳಿಸಿಕೊಂಡರು. ಇಲ್ಲಿಗೆ ಮೊದಲೇ ಬುಕ್ ಮಾಡದೆ ಹೋಗುವಂತಿಲ್ಲ.

ನಡೆದು ನೋಡುವ ತೋಟಗಳು ಬೇರೆಯೇ ಲೆಕ್ಕ. 17ನೇ ಶತಮಾನದ ಕತ್ಸುರಾ ಅರಮನೆಯ ತೋಟದಲ್ಲಿ ಹಾಸುಗಲ್ಲುಗಳು ಏರುಪೇರಾಗಿವೆ. ಎಡವಬಾರದು ಅಂತ ತಲೆ ತಗ್ಗಿಸಿಯೇ ನಡೆಯಬೇಕು. ಒಂದು ಕಡೆ ದೊಡ್ಡ ಕಲ್ಲು ಬರುತ್ತದೆ. ಅಲ್ಲಿ ಕಾಲು ತಾನಾಗಿ ನಿಲ್ಲುತ್ತದೆ, ತಲೆ ಏಳುತ್ತದೆ. ತೋಟಗಾರ ಕಾಯುತ್ತಿದ್ದ ನೋಟ ಸರಿಯಾಗಿ ಅಲ್ಲೇ ಇರುತ್ತದೆ. ಎರಡು ಹೆಜ್ಜೆ ಮುಂದೆ ಹೋದರೆ ಮತ್ತೆ ಮರೆ. ಕತ್ಸುರಾ ಮತ್ತು ಶುಗಾಕುಇನ್ ಎರಡೂ ರಾಜಮನೆತನದ ಇಲಾಖೆಯ ವಶದಲ್ಲಿವೆ. ಅರ್ಜಿ ಹಾಕಿ, ಗೈಡ್ ಜೊತೆ ಗುಂಪಿನಲ್ಲಿ ಹೋಗಬೇಕು. ಒಂದನ್ನೇ ಆರಿಸಿ ಅಂದರೆ ನಾನು ಶುಗಾಕುಇನ್ ಅನ್ನುತ್ತೇನೆ. ಗೋ-ಮಿಜುನೋ ಎಂಬ ನಿವೃತ್ತ ಚಕ್ರವರ್ತಿ ಬೆಟ್ಟದ ಇಳಿಜಾರಿಗೆ ಒಡ್ಡು ಹಾಕಿ ಕೆರೆ ಮಾಡಿಸಿದ. ಒಡ್ಡಿನ ಗೋಡೆಯನ್ನು ಗಿಡಗಳಲ್ಲಿ ಮುಚ್ಚಿಸಿದ. ಕೆಳಗಿನ ಬೇಲಿಗಳ ನಡುವೆ ಏನೂ ಕಾಣದೆ ಹತ್ತಿ ಹೋಗಿ ಮೇಲೆ ತಿರುಗಿದರೆ, ಕೆರೆ, ಕಣಿವೆ, ಬೆಟ್ಟಸಾಲು ಎಲ್ಲ ಒಟ್ಟಿಗೆ ತೆರೆದುಕೊಳ್ಳುತ್ತವೆ. ತೋಟದ ನಡುವೆ ಈಗಲೂ ರೈತರು ಬೆಳೆ ತೆಗೆಯುವ ಗದ್ದೆಗಳಿವೆ.

ಕಿಂಕಾಕು-ಜಿಯ ಚಿನ್ನದ ಮಂಟಪದ ಬಗ್ಗೆ ಎಲ್ಲರೂ ಬರೆಯುತ್ತಾರೆ, ಹಾಗಾಗಿ ಎರಡೇ ಮಾತು. 1397ರಲ್ಲಿ ಶುರುವಾದ ಜಾಗ. ಈಗ ಕಾಣುವ ಮಂಟಪ 1955ರದ್ದು, ಏಕೆಂದರೆ 1950ರಲ್ಲಿ ಒಬ್ಬ ಎಳೆಯ ಸನ್ಯಾಸಿ ಅದಕ್ಕೆ ಬೆಂಕಿ ಇಟ್ಟ. ಗಿಂಕಾಕು-ಜಿಯ ಬೆಳ್ಳಿ ಮಂಟಪದಲ್ಲಿ ಬೆಳ್ಳಿ ಇಲ್ಲ.

ನೀರಿನ ಕಥೆ ಇದಕ್ಕಿಂತ ಸ್ವಾರಸ್ಯ. ನಾನ್‌ಜೆನ್-ಜಿ ಆವರಣದಲ್ಲಿ ಇದ್ದಕ್ಕಿದ್ದಂತೆ ಕೆಂಪು ಇಟ್ಟಿಗೆಯ ಕಮಾನುಗಳ ಸಾಲು ಎದುರಾಗುತ್ತದೆ. ಝೆನ್ ದೇವಸ್ಥಾನದಲ್ಲಿ ಇದೇನು ಅಂತ ಜನ ತಬ್ಬಿಬ್ಬಾಗುತ್ತಾರೆ. 1869ರಲ್ಲಿ ಚಕ್ರವರ್ತಿ ಟೋಕಿಯೋದಲ್ಲೇ ನೆಲೆಸಿದ ಮೇಲೆ ಕ್ಯೋಟೋ ಕಳೆಗುಂದಿತು. ಊರನ್ನು ಎತ್ತಿ ನಿಲ್ಲಿಸಲು ಪಕ್ಕದ ಬಿವಾ ಸರೋವರದಿಂದ ಸುರಂಗ ಕೊರೆದು ಕಾಲುವೆ ತಂದರು. 1890ರಲ್ಲಿ ಮುಗಿಯಿತು. ಇಂಜಿನಿಯರ್ ತನಾಬೆ ಸಾಕುರೋ ಆಗಿನ್ನೂ ಇಪ್ಪತ್ತರ ಹರೆಯದ ಹುಡುಗ. 1891ರಲ್ಲಿ ಕೆಆಗೆ ಎಂಬಲ್ಲಿ ಅದೇ ನೀರಿನಿಂದ ವಿದ್ಯುತ್ ಬಂತು. ಆ ಕರೆಂಟಿನಲ್ಲಿ 1895ರಲ್ಲಿ ಟ್ರಾಮ್ ಓಡಿತು. ಆಮೇಲೆ ಶ್ರೀಮಂತರು ನಾನ್‌ಜೆನ್-ಜಿ ಸುತ್ತ ಜಮೀನು ಕೊಂಡು ಕಾಲುವೆ ನೀರನ್ನು ತೋಟಕ್ಕೆ ತಿರುಗಿಸಿಕೊಂಡರು. ಏಳನೆಯ ಒಗಾವಾ ಜಿಹೇ ಎಂಬ ತೋಟಗಾರ ನಿಂತ ಕೆರೆಯ ಬದಲು ಹರಿಯುವ ತೊರೆಗಳನ್ನು ಮಾಡಿದ. ಮುರಿನ್-ಆನ್ ಅವನ ಕೈಯದ್ದು. ಹಿಂದೆ ಹಿಗಾಶಿಯಾಮಾ ಬೆಟ್ಟ, ಮುಂದೆ ಬೆಟ್ಟದಿಂದಲೇ ಇಳಿದ ಹಾಗೆ ಕಾಣುವ ತೊರೆ. ನೀರು ನಿಜಕ್ಕೂ ಬರುವುದು ಬೆಟ್ಟದಾಚೆಯ ಸರೋವರದಿಂದ. ಹೇಯಾನ್ ಜಿಂಗೂ ಗುಡಿಯ ಕೆರೆಗೂ ಇದೇ ನೀರು. ಅದರ ಜೊತೆ ಬಿವಾದ ಮೀನುಗಳೂ ಬಂದವು.

ಹಾಗಾದರೆ ಬೆಟ್ಟವಾದರೂ ಅಪ್ಪಟ ಪ್ರಕೃತಿ ಅಲ್ವಾ? ಅದೂ ಪೂರ್ತಿ ಅಲ್ಲ. ಅರಾಶಿಯಾಮಾದ ಚೆರಿ ಮರಗಳನ್ನು 13ನೇ ಶತಮಾನದಲ್ಲಿ ಯೋಶಿನೋದಿಂದ ತಂದು ನೆಟ್ಟಿದ್ದರು. ಹಿಗಾಶಿಯಾಮಾ ಶತಮಾನಗಳ ಕಾಲ ಕೆಂಪು ಪೈನ್ ಕಾಡಾಗಿತ್ತು, ಏಕೆಂದರೆ ಊರಿನವರು ಸೌದೆ, ತರಗೆಲೆ ಎತ್ತಿಕೊಂಡು ಹೋಗುತ್ತಿದ್ದರು. ಬಡ ನೆಲದಲ್ಲಿ ಪೈನ್ ಚೆನ್ನಾಗಿ ಬರುತ್ತದೆ. ಕಡಿಯುವುದು ನಿಂತ ಮೇಲೆ ಶೀ ಎಂಬ ದಟ್ಟ ಎಲೆಯ ಮರ ಆ ಜಾಗ ಹಿಡಿಯಿತು. ಬೆಟ್ಟದ ಬಣ್ಣವೇ ಬದಲಾಯಿತು. ಚೆರಿ ಹೂವಿನ ಲೆಕ್ಕ ಇನ್ನೂ ಹಳೆಯದು. ಅರಮನೆಯವರು, ಸನ್ಯಾಸಿಗಳು ದಿನಚರಿಯಲ್ಲಿ ಬರೆದಿಟ್ಟ ಹೂಕೂಟಗಳ ತಾರೀಕುಗಳಿಂದ 9ನೇ ಶತಮಾನದವರೆಗೂ ಲೆಕ್ಕ ಹಾಕಿದ್ದಾರೆ. ಆ ಪಟ್ಟಿಯಲ್ಲಿ 2021ರ ಮಾರ್ಚ್ 26ರಷ್ಟು ಬೇಗ ಅದುವರೆಗೆ ಯಾವತ್ತೂ ಪೂರ್ತಿ ಹೂ ಬಿಟ್ಟಿರಲಿಲ್ಲ. ಏಪ್ರಿಲ್ ಎರಡನೇ ವಾರ ನಂಬಿ ಟಿಕೆಟ್ ಮಾಡುವವರು ಇದನ್ನು ನೆನಪಿಡಿ.

ಈಗ ಓಡಾಟದ ಮಾತು. ಒಂದು ದಿನಕ್ಕೆ ಒಂದೇ ಬೆಟ್ಟದ ಬದಿ, ಇದಿಷ್ಟೇ ಸೂತ್ರ. ಪೂರ್ವದ ದಿನ ಕಿಯೊಮಿಜು-ದೇರಾದಿಂದ ಶುರು ಮಾಡಿ, ಅದು ಬೆಳಿಗ್ಗೆ 6ಕ್ಕೇ ತೆರೆಯುತ್ತದೆ. ಇಳಿಜಾರಿನಲ್ಲಿ ಸುಮಾರು 13 ಮೀಟರ್ ಎತ್ತರದ ಕಂಬಗಳ ಮೇಲೆ ನಿಂತ ಅದರ ಜಗಲಿಯನ್ನು ಮೇಲಿನಿಂದ ಮಾತ್ರ ನೋಡಬೇಡಿ. ಕೆಳಗಿಳಿದು ಕಂಬ ತೊಲೆಗಳ ಜೋಡಣೆ ನೋಡಿ. ಅಲ್ಲಿಂದ ಉತ್ತರಕ್ಕೆ ನಡೆಯುತ್ತಾ ನಾನ್‌ಜೆನ್-ಜಿ, ಮುರಿನ್-ಆನ್, ಕಾಲುವೆ ಬದಿಯ ತತ್ವಜ್ಞಾನಿಗಳ ಹಾದಿ, ಗಿಂಕಾಕು-ಜಿ. ವಾಯವ್ಯದ ದಿನ ರ್ಯೋಆನ್-ಜಿ ಮೊದಲು, ಕಿಂಕಾಕು-ಜಿ ಆಮೇಲೆ. ಪಶ್ಚಿಮಕ್ಕೆ ಬಸ್ ಬೇಡ, ಜೆಆರ್ (ಜಪಾನ್ ರೈಲ್ವೆ) ರೈಲು ಹಿಡಿಯಿರಿ. ದಕ್ಷಿಣಕ್ಕೆ ಜೆಆರ್ ನಾರಾ ಲೈನಿನಲ್ಲಿ ಫುಶಿಮಿ ಇನಾರಿ ಗುಡಿ, ಮುಂದೆ ಅದೇ ಲೈನಿನಲ್ಲಿ ಊಜಿ. ಅಲ್ಲಿ 1053ರ ಬ್ಯೋದೋ-ಇನ್ ಇದೆ, 10 ಯೆನ್ ನಾಣ್ಯದ ಮೇಲಿರುವ ಕಟ್ಟಡ. ಫುಶಿಮಿ ಇನಾರಿಗೆ ಟಿಕೆಟ್ ಇಲ್ಲ, ಬಾಗಿಲೂ ಇಲ್ಲ. ಉಳಿದ ಕಡೆ ಸಂಜೆ ನಾಲ್ಕೂವರೆ, ಐದಕ್ಕೆಲ್ಲ ಮುಚ್ಚುವುದೇ ಜಾಸ್ತಿ. ಸಸ್ಯಾಹಾರಿಗಳು ಒಂದು ಎಚ್ಚರ ವಹಿಸಬೇಕು. ತರಕಾರಿ ಸೂಪ್ ಅಂತ ಕೊಟ್ಟರೂ ಅದರ ತಿಳಿಸಾರು ಒಣಮೀನಿನದ್ದಾಗಿರಬಹುದು. ದೇವಸ್ಥಾನದ ಅಡುಗೆಯಾದ ಶೋಜಿನ್ ರ್ಯೋರಿ ಕೇಳಿ. ಅದರಲ್ಲಿ ಸಾರು ಕಡಲಕಳೆ, ಅಣಬೆಯದು.

ಸಾಲ ತಂದ ಬೆಟ್ಟಕ್ಕೆ ಅಡ್ಡ ಯಾರಾದರೂ ಅಪಾರ್ಟ್‌ಮೆಂಟ್ ಕಟ್ಟಿದರೆ? ಈ ಪ್ರಶ್ನೆ ಕ್ಯೋಟೋವನ್ನು ಬಹಳ ವರ್ಷ ಕಾಡಿತು. 2007ರಲ್ಲಿ ನಗರಾಡಳಿತ ಕಟ್ಟುನಿಟ್ಟಿನ ನಿಯಮ ತಂದಿತು. ಊರ ನಡುವಿನ ಕಟ್ಟಡಗಳ ಎತ್ತರದ ಮಿತಿಯನ್ನು 45 ಮೀಟರಿನಿಂದ 31ಕ್ಕೆ ಇಳಿಸಿತು. 38 ಜಾಗಗಳ ನೋಟವನ್ನು ಕಾಪಾಡಬೇಕೆಂದು ಗುರುತಿಸಿತು. ಎಂತ್ಸೂ-ಜಿಯಿಂದ ಕಾಣುವ ಹಿಯೇ ಬೆಟ್ಟವೂ ಅದರಲ್ಲಿದೆ. ಚಾವಣಿ ಮೇಲಿನ ಜಾಹೀರಾತು, ಮಿನುಗುವ ದೀಪದ ಬೋರ್ಡು ನಿಷೇಧವಾದವು. ಇದಕ್ಕೂ ಬೆಲೆ ತೆರಬೇಕಾಯಿತು. ಮನೆಗಳು ದುಬಾರಿಯಾದವು, ಮಕ್ಕಳಿರುವ ಎಳೆ ಸಂಸಾರಗಳು ಪಕ್ಕದ ಶಿಗಾ, ಒಸಾಕಾ ಕಡೆ ಹೊರಟವು. ಹಾಗಾಗಿ 2023ರಲ್ಲಿ ಸ್ಟೇಷನ್ನಿನ ದಕ್ಷಿಣದ ಕೆಲವು ಕಡೆ, ಯಾಮಾಶಿನಾದ ಕೆಲವು ಕಡೆ ಎತ್ತರದ ಮಿತಿಯನ್ನು ಸಡಿಲಿಸಿದರು. ಸಡಿಲಿಸಿದ್ದು ಬೆಟ್ಟದ ಬುಡದಲ್ಲಲ್ಲ. ಅಲ್ಲಿನ ನಿಯಮ ಹಾಗೇ ಇದೆ.